ಹಳ್ಳಿ ಮಟ್ಟದಲ್ಲಿ ಬಡತನದ ನಕ್ಷೆ ಮಾಡುವುದು ಹೇಗೆ: ಕಲಬುರಗಿ, ಯಾದಗಿರಿ, ಬೀದರ್ ಮಾಹಿತಿ ಇಟ್ಟುಕೊಂಡು

ಯಾದಗಿರಿ ಹಿಂದುಳಿದ ಜಿಲ್ಲೆ ಎಂದು ಹೇಳಲು ನಕ್ಷೆ ಬೇಕಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36, ಬೀದರ್‌ನದು 70.51, ಕಲಬುರಗಿಯದು 64.85, ಯಾದಗಿರಿಯದು 51.83. ಇಷ್ಟು ಎಲ್ಲರ ಬಾಯಲ್ಲೂ ಇದೆ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ 35 ಸೂಚಕಗಳನ್ನು ಹಿಡಿದು ರಾಜ್ಯದ 175 ತಾಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದಿತು. ಅದೂ ತಾಲೂಕಿಗೇ ನಿಲ್ಲುತ್ತದೆ. ಸುರಪುರ ತಾಲೂಕು ಎಂದಾಗ ಕಾಲುವೆಯ ಮೊದಲ ತೂಬಿನ ಊರೂ ಅದರಲ್ಲಿದೆ, ಮಳೆಯನ್ನೇ ನಂಬಿದ ಊರೂ ಇದೆ. ಎರಡರ ಸರಾಸರಿ ಎರಡೂ ಊರಿಗೆ ಸೇರಿದ್ದಲ್ಲ.

ತಾಲೂಕಿನ ಒಳಗೆ ಬಡತನ ಎಲ್ಲೆಲ್ಲಿ ಗುಂಪುಗಟ್ಟಿದೆ, ಆ ಗುಂಪಿಗೆ ಕಾರಣ ಏನಿರಬಹುದು ಎಂದು ಹಳ್ಳಿ ಮಟ್ಟದ ಲೆಕ್ಕದಿಂದ ನೋಡುವ ವಿಧಾನ ಇಲ್ಲಿದೆ. ಬೇಕಾಗುವುದು ನಕ್ಷೆ ಮಾಡುವ ಕ್ಯೂಜಿಐಎಸ್ ಮತ್ತು ನಕ್ಷೆಯ ಮೇಲೆ ಲೆಕ್ಕ ಹಾಕುವ ಜಿಯೋಡಾ ಎಂಬ ಎರಡು ಉಚಿತ ತಂತ್ರಾಂಶ, 8 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್, ಮತ್ತು ತಾಳ್ಮೆ. ನೂರರಲ್ಲಿ ತೊಂಬತ್ತು ತಪ್ಪು ಲೆಕ್ಕದ ಗುಂಡಿ ಒತ್ತುವ ಮೊದಲೇ ಆಗಿಹೋಗಿರುತ್ತವೆ. ಹಾಗಾಗಿ ಈ ಬರಹದ ಅರ್ಧ ಭಾಗ ಗುಂಡಿ ಒತ್ತುವುದಕ್ಕೆ ಮುಂಚಿನ ಕೆಲಸಕ್ಕೇ ಹೋಗಿದೆ.

ಏನನ್ನು ಬಡತನ ಎನ್ನುತ್ತೀರಿ

ಕುಟುಂಬದ ಖರ್ಚನ್ನು ಕೇಳುವ ಸರ್ಕಾರಿ ಸಮೀಕ್ಷೆ ಹಳ್ಳಿ ಮಟ್ಟಕ್ಕೆ ಇಳಿಯುವುದಿಲ್ಲ. ಅದು ಜಿಲ್ಲೆಯ ಕೆಲವೇ ಊರು ಆಯ್ದು, ಅಲ್ಲಿನ ಕೆಲವೇ ಮನೆಗಳನ್ನು ಕೇಳುತ್ತದೆ. ನೀತಿ ಆಯೋಗದ ಬಹುಆಯಾಮ ಬಡತನ ಸೂಚ್ಯಂಕ 12 ಸೂಚಕಗಳದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಆಧರಿಸಿದ್ದು, ಜಿಲ್ಲೆಗೆ ನಿಲ್ಲುತ್ತದೆ. ಆ ಸಮೀಕ್ಷೆಯ ಜಿಪಿಎಸ್ ಬಿಂದುಗಳು ಸಿಗುತ್ತವಲ್ಲ ಎಂದು ಕೆಲವರು ಅವನ್ನು ಹಳ್ಳಿಯ ಗಡಿಯ ಮೇಲೆ ಕೂರಿಸುತ್ತಾರೆ. ಅದು ತಪ್ಪು. ಜನರ ಗುರುತು ಬಯಲಾಗಬಾರದೆಂದು ಗ್ರಾಮೀಣ ಬಿಂದುಗಳನ್ನು ಬೇಕೆಂದೇ 5 ಕಿ.ಮೀ.ವರೆಗೆ, ನೂರಕ್ಕೊಂದನ್ನು 10 ಕಿ.ಮೀ.ವರೆಗೆ ಸರಿಸಿರುತ್ತಾರೆ. ನಮ್ಮ ಕಡೆ 5 ಕಿ.ಮೀ. ಎಂದರೆ ಪಕ್ಕದ ಊರು ದಾಟಿ ಇನ್ನೊಂದು ಊರು.

ಹಾಗಾಗಿ ಹಳ್ಳಿಗೆ ಹಳ್ಳಿ ಸಿಗುವ ಮೂಲ ಇವತ್ತಿಗೂ 2011ರ ಜನಗಣತಿಯೇ. ಮುಂದಿನ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಅದರ ಹಳ್ಳಿವಾರು ಕೋಷ್ಟಕ ಬರುವ ತನಕ ಹಳೆಯದರಲ್ಲೇ ಕೆಲಸ. ಜನಗಣತಿಯ ಮೂರು ಕಡತ ಬೇಕು: ಪ್ರಾಥಮಿಕ ಸಾರಾಂಶ, ಹಳ್ಳಿಯ ಸೌಲಭ್ಯಗಳ ಪಟ್ಟಿ, ಮನೆಪಟ್ಟಿಯ ಕೋಷ್ಟಕ. ಜೊತೆಗೆ 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿಯ ಏಳು ಗ್ರಾಮೀಣ ಅಭಾವ ಸೂಚಕಗಳು. ಒಂದೇ ಕೋಣೆಯ ಕಚ್ಚಾ ಮನೆ, 25 ದಾಟಿದ ಸಾಕ್ಷರರಿಲ್ಲದ ಮನೆ, ಭೂಮಿಯಿಲ್ಲದೆ ಕೂಲಿಯೇ ಮುಖ್ಯ ಆದಾಯವಾದ ಮನೆ ಇವೆಲ್ಲ ಅದರಲ್ಲಿವೆ. ಮಿಷನ್ ಅಂತ್ಯೋದಯದ ಸಮೀಕ್ಷೆ 2017ರಿಂದೀಚಿನದು. ಊರಿನ ಸೌಲಭ್ಯಕ್ಕೆ ಒಳ್ಳೆಯದು, ಮನೆಯ ಸ್ಥಿತಿಗೆ ಅಷ್ಟಕ್ಕಷ್ಟೆ. ಷ್ರಗ್ ಎಂಬ ಉಚಿತ ಸಂಗ್ರಹದಲ್ಲಿ ಜನಗಣತಿಯ ಅಂಕಿಗಳು, ರಾತ್ರಿ ಬೆಳಕು, ಹಳ್ಳಿ ಗಡಿ ಎಲ್ಲ ಒಂದೇ ಸಂಕೇತಕ್ಕೆ ಜೋಡಿಸಿ ಇಟ್ಟಿದ್ದಾರೆ. ಹೊಸಬರು ಅಲ್ಲಿಂದ ಶುರು ಮಾಡಿದರೆ ಒಂದು ವಾರ ಉಳಿಯುತ್ತದೆ.

ಸೂಚಕ ಆರಿಸುವಾಗ ನಮ್ಮ ಭಾಗದ ಮಟ್ಟಿಗೆ ನಾಲ್ಕು ಎಚ್ಚರಿಕೆ.

ಮನೆಯ ಛಾವಣಿ ನೋಡಿ ಬಡತನ ಅಳೆಯಬೇಡಿ. ಜನಗಣತಿಯ ಲೆಕ್ಕದಲ್ಲಿ ಕಲ್ಲಿನ ಛಾವಣಿ ಪಕ್ಕಾ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಪರ್ಸಿ ಕಲ್ಲು ಕಾಲಡಿಯಲ್ಲೇ ಸಿಗುತ್ತದೆ, ಕೂಲಿಯವನ ಮನೆಗೂ ಪರ್ಸಿ ಇರುತ್ತದೆ. ಛಾವಣಿಯೊಂದನ್ನೇ ನಂಬಿದರೆ ಕಲ್ಲಿನ ಪಟ್ಟಿಯುದ್ದಕ್ಕೂ ಊರುಗಳು ಶ್ರೀಮಂತವಾಗಿ ಕಾಣುತ್ತವೆ. ಅದು ಭೂಗರ್ಭದ ನಕ್ಷೆ, ಬಡತನದ್ದಲ್ಲ.

ರಾತ್ರಿ ಬೆಳಕು ಕೂಡ ಹಾಗೆಯೇ. ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳ ಬೆಳಕು ಉಪಗ್ರಹದ ಚಿತ್ರದಲ್ಲಿ ಅಕ್ಕಪಕ್ಕದ ಊರುಗಳ ಮೇಲೂ ಚೆಲ್ಲುತ್ತದೆ. ಹಳೆಯ ಉಪಗ್ರಹದ ಚಿತ್ರಗಳಲ್ಲಿ ಈ ಚೆಲ್ಲಾಟ ಇನ್ನೂ ಜಾಸ್ತಿ. ಕಾರ್ಖಾನೆಯ ಸುತ್ತಲಿನ ಊರುಗಳನ್ನು ಗುರುತು ಹಾಕಿಟ್ಟು, ಅವಿದ್ದಾಗೊಮ್ಮೆ ಅವಿಲ್ಲದಾಗೊಮ್ಮೆ ಲೆಕ್ಕ ಮಾಡಿ.

ಬಿಪಿಎಲ್ ಕಾರ್ಡ್ ಬೇಡವೇ ಬೇಡ. ಬಹುತೇಕ ಎಲ್ಲ ಮನೆಯಲ್ಲೂ ಕಾರ್ಡ್ ಇರುವ ಎರಡು ಊರುಗಳ ನಡುವೆ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ.

ನಾಲ್ಕನೆಯದು ಗುಳೆ. 2011ರ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ಅವಧಿ ಪೂರ್ತಿ ಊರಲ್ಲಿ ಇಲ್ಲದವರನ್ನು ಆ ಊರಿನಲ್ಲಿ ಎಣಿಸುವುದಿಲ್ಲ. ತೊಗರಿ ರಾಶಿ ಮುಗಿಸಿ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೊರಡುವ ಕಾಲವೇ ಅದು. ಹೆಚ್ಚು ಗುಳೆ ಹೋಗುವ ಊರಿನಲ್ಲಿ ಅತಿ ಬಡವರೇ ಲೆಕ್ಕದಿಂದ ಬಿಟ್ಟುಹೋಗಿ, ಊರು ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಇದನ್ನು ಸರಿಪಡಿಸಲು ಸೂತ್ರವಿಲ್ಲ. 2001ಕ್ಕಿಂತ 2011ರಲ್ಲಿ ಜನಸಂಖ್ಯೆ ಕಡಿಮೆಯಾದ, ಇಲ್ಲವೇ ಮನೆಪಟ್ಟಿಯ ಕುಟುಂಬಗಳಿಗಿಂತ ಜನಗಣತಿಯ ಕುಟುಂಬಗಳು ಎದ್ದು ಕಾಣುವಷ್ಟು ಕಡಿಮೆ ಇರುವ ಊರುಗಳನ್ನು ಬೇರೆ ಕಾಲಂನಲ್ಲಿ ಗುರುತಿಸಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಒಂದು ಸೂಚ್ಯಂಕಕ್ಕೆ ಆರು ಸೂಚಕ ಸಾಕು: ಹೆಣ್ಣುಮಕ್ಕಳ ಅನಕ್ಷರತೆ, ಒಟ್ಟು ಮುಖ್ಯ ದುಡಿಮೆಗಾರರಲ್ಲಿ ಕೃಷಿ ಕೂಲಿಗಳ ಪಾಲು, ಒಟ್ಟು ದುಡಿಮೆಗಾರರಲ್ಲಿ ವರ್ಷಕ್ಕೆ ಆರು ತಿಂಗಳೂ ಕೆಲಸ ಸಿಗದವರ ಪಾಲು, ಮನೆಯೊಳಗೆ ನೀರಿಲ್ಲದವರು, ಬ್ಯಾಂಕ್ ಖಾತೆ ಇಲ್ಲದವರು, ರೇಡಿಯೊದಿಂದ ಬೈಕಿನವರೆಗೆ ಪಟ್ಟಿಯ ಯಾವ ಸಾಮಾನೂ ಇಲ್ಲದ ಮನೆಗಳು. ಪ್ರತಿ ಸೂಚಕದಿಂದ ಅದರ ಸರಾಸರಿ ಕಳೆದು, ಪ್ರಮಾಣಿತ ವಿಚಲನೆಯಿಂದ (ಸ್ಟ್ಯಾಂಡರ್ಡ್ ಡೀವಿಯೇಶನ್) ಭಾಗಿಸಿ, ಆರನ್ನೂ ಕೂಡಿ ಆರರಿಂದ ಭಾಗಿಸಿ. ಯಾವ ಸೂಚಕಕ್ಕೆ ಎಷ್ಟು ತೂಕ ಎಂದು ನಿರ್ಧರಿಸಲು, ಸೂಚಕಗಳು ಒಟ್ಟೊಟ್ಟಿಗೆ ಏರಿಳಿಯುವುದನ್ನು ನೋಡಿ ಅವನ್ನು ಕೆಲವೇ ಘಟಕಗಳಿಗೆ ಇಳಿಸುವ ಪ್ರಿನ್ಸಿಪಲ್ ಕಾಂಪೊನೆಂಟ್ ವಿಧಾನ ಬಳಸುವವರು ತುಂಬ ಜನ. ಬಳಸಿ ನೋಡಿ, ಆದರೆ ಮೊದಲ ಘಟಕ ಎಷ್ಟೋ ಸಲ ಬಡತನಕ್ಕಿಂತ ಊರು ಪಟ್ಟಣದ ಹತ್ತಿರ ಇದೆಯೋ ಇಲ್ಲವೋ ಅನ್ನುವುದನ್ನೇ ಹಿಡಿದುಕೊಂಡಿರುತ್ತದೆ. ಸಮ ತೂಕಕ್ಕೆ ಅಂಥ ಒಳಗುಟ್ಟು ಇಲ್ಲ, ಓದುಗರಿಗೂ ಒಂದೇ ವಾಕ್ಯದಲ್ಲಿ ವಿವರಿಸಬಹುದು.

ಛೇದ ತಪ್ಪಿದರೆ ಎಲ್ಲವೂ ತಪ್ಪು

ಸಾಕ್ಷರತೆಯ ಛೇದ ಒಟ್ಟು ಜನಸಂಖ್ಯೆ ಅಲ್ಲ. 0ರಿಂದ 6 ವರ್ಷದ ಮಕ್ಕಳನ್ನು ಕಳೆದ ಜನಸಂಖ್ಯೆ. 2,000 ಜನರ ಊರು, ಮಕ್ಕಳು 300, ಸಾಕ್ಷರರು 1,020 ಎಂದುಕೊಳ್ಳಿ. 1,700ರಿಂದ ಭಾಗಿಸಿದರೆ ಶೇ 60. ಮರೆತು 2,000ದಿಂದ ಭಾಗಿಸಿದರೆ 51. ಒಂಬತ್ತು ಅಂಶ ಹೋಯಿತು. ಎಲ್ಲ ಊರಿಗೂ ಒಂದೇ ಸಮ ಹೋದರೆ ಚಿಂತೆಯಿಲ್ಲ, ಆದರೆ ಮಕ್ಕಳು ಹೆಚ್ಚಿರುವ ಊರಿಗೆ ಹೆಚ್ಚು ಹೋಗುತ್ತದೆ. ಹೀಗಾಗಿ ಇಲ್ಲದ ಗುಂಪು ನಕ್ಷೆಯಲ್ಲಿ ಹುಟ್ಟಿಕೊಳ್ಳುತ್ತದೆ.

ಬೇಚರಾಕ್ ಗ್ರಾಮಗಳದು ಇನ್ನೊಂದು ಪೇಚು. ಕಂದಾಯ ದಾಖಲೆಯಲ್ಲಿ ಊರು, ಗಡಿ, ಸಂಕೇತ ಎಲ್ಲ ಇದೆ. ಜನ ಮಾತ್ರ ಇಲ್ಲ. ಛೇದ ಸೊನ್ನೆ. ಎಕ್ಸೆಲ್ ದೋಷ ತೋರಿಸುತ್ತದೆ, ನೀವು ಆ ಖಾನೆಗೆ ಸೊನ್ನೆ ತುಂಬುತ್ತೀರಿ, ನಕ್ಷೆಯಲ್ಲಿ ಅದು ಜಿಲ್ಲೆಯ ಅತ್ಯಂತ ಸಿರಿವಂತ ಊರಾಗುತ್ತದೆ! ಬೇಚರಾಕ್ ಗ್ರಾಮಗಳನ್ನು ಲೆಕ್ಕದಿಂದ ತೆಗೆಯಿರಿ, ನಕ್ಷೆಯಲ್ಲಿ ಬೂದು ಬಣ್ಣದಲ್ಲಿ ಉಳಿಸಿ.

ತಾಂಡಾಗಳದು ಇದಕ್ಕೆ ತಿರುವುಮುರುವು. ಜನ ಇದ್ದಾರೆ, 2011ರ ಗಣತಿಯಲ್ಲಿ ಸ್ವಂತ ಸಂಕೇತವಿಲ್ಲ. ಚಿಂಚೋಳಿ, ಕಮಲಾಪುರ, ಔರಾದ ಕಡೆ ಒಂದು ಕಂದಾಯ ಗ್ರಾಮದ ಲೆಕ್ಕದೊಳಗೆ ಮೂರ್ನಾಲ್ಕು ತಾಂಡಾ ಸೇರಿರುವುದುಂಟು. ಮೂಲ ಊರು ಸುಮಾರಾಗಿದ್ದು ತಾಂಡಾ ತೀರಾ ಬಡವಾಗಿದ್ದರೆ ಸರಾಸರಿ ಮಧ್ಯದಲ್ಲಿ ಕೂರುತ್ತದೆ. 2011ರ ಮಾಹಿತಿಯಲ್ಲಿ ಇದನ್ನು ಬಿಡಿಸಲು ಬರುವುದಿಲ್ಲ. ತಾಂಡಾ ಇರುವ ಗ್ರಾಮಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ನಕ್ಷೆ ಓದಬೇಕು.

ಗಡಿಗಳನ್ನು ಜೋಡಿಸುವುದು

ಹಳ್ಳಿ ಗಡಿಯ ಶೇಪ್‌ಫೈಲನ್ನು, ಅಂದರೆ ಗಡಿರೇಖೆಗಳ ಕಡತವನ್ನು, ಜನಗಣತಿಯ ಕೋಷ್ಟಕಕ್ಕೆ ಊರಿನ ಹೆಸರಿನಿಂದ ಜೋಡಿಸಲು ಹೋಗಬೇಡಿ. ಔರಾದ ಬೀದರ್ ಜಿಲ್ಲೆಯಲ್ಲೂ ಇದೆ, ಕಲಬುರಗಿ ತಾಲೂಕಿನಲ್ಲೂ ಇದೆ. ಖುರ್ದ್, ಬುದ್ರುಕ್ ಎಂಬ ಬಾಲಗಳು ಒಂದು ಕಡತದಲ್ಲಿ ಕೆ, ಬಿ ಆಗಿರುತ್ತವೆ, ಇನ್ನೊಂದರಲ್ಲಿ ಮಾಯ. ಜನಗಣತಿಯ ಆರಂಕಿಯ ಗ್ರಾಮ ಸಂಕೇತವೊಂದೇ ನಂಬಿಕೆಗೆ ಅರ್ಹ. ಸಂಕೇತದ ಕಾಲಂ ಅನ್ನು ಎಕ್ಸೆಲ್‌ನಲ್ಲಿ ತೆರೆಯುವ ಮೊದಲೇ ಪಠ್ಯ ಎಂದು ನಿಗದಿಪಡಿಸಿ. ಇಲ್ಲದಿದ್ದರೆ ತಾಲೂಕು ಸಂಕೇತದ ಮುಂದಿನ ಸೊನ್ನೆಯನ್ನು ಅದು ನುಂಗಿಬಿಡುತ್ತದೆ.

ಆಡಳಿತದ ಬದಲಾವಣೆಗಳೂ ತಲೆನೋವು. ಯಾದಗಿರಿ ಜಿಲ್ಲೆ ಆದದ್ದು 2009ರ ಡಿಸೆಂಬರ್‌ನಲ್ಲಿ, ಹಾಗಾಗಿ 2001ರ ಗಣತಿಯಲ್ಲಿ ಶಹಾಪುರ, ಸುರಪುರ, ಯಾದಗಿರಿ ತಾಲೂಕುಗಳು ಗುಲ್ಬರ್ಗ ಜಿಲ್ಲೆಯಲ್ಲಿವೆ. 2011ರ ಕಡತದಲ್ಲೂ ಕಲಬುರಗಿಯನ್ನು ಹುಡುಕಬೇಕಾದ್ದು ಗುಲ್ಬರ್ಗ ಎಂದೇ. ಹೆಸರು ಬದಲಾದದ್ದು 2014ರಲ್ಲಿ. ಆಗ ಮೂರೂ ಜಿಲ್ಲೆಗಳಿಗೆ ಸೇರಿ 15 ತಾಲೂಕು. ಈಗ ಕಾಳಗಿ, ಕಮಲಾಪುರ, ಯಡ್ರಾಮಿ, ಶಹಾಬಾದ್, ವಡಗೇರಾ, ಹುಣಸಗಿ, ಗುರುಮಠಕಲ್, ಚಿಟಗುಪ್ಪ, ಹುಲಸೂರ, ಕಮಲನಗರ ಸೇರಿ 25. ಹಳೆಯ 15ರ ಹೆಸರಿಗೆ ಒಂದು ಕಾಲಂ, ಹೊಸ 25ಕ್ಕೆ ಇನ್ನೊಂದು. ಲೆಕ್ಕ ಹಳೆಯದರಲ್ಲಿ ಮಾಡಿ, ಅಧಿಕಾರಿಗಳಿಗೆ ತೋರಿಸುವುದು ಹೊಸದರಲ್ಲಿ.

ಕ್ಯೂಜಿಐಎಸ್‌ನಲ್ಲಿ ಗಡಿಯ ಕಡತ ತೆರೆದು ಮೊದಲು ಗಡಿರೇಖೆಯ ದೋಷ ಸರಿಪಡಿಸುವ ಫಿಕ್ಸ್ ಜಿಯೊಮೆಟ್ರೀಸ್ ಓಡಿಸಿ. ಆಮೇಲೆ ಅದನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ ವಲಯ 43 ಉತ್ತರಕ್ಕೆ, ಅಂದರೆ ಇಪಿಎಸ್‌ಜಿ 32643ಕ್ಕೆ ಬದಲಿಸಿ. ಮೂರೂ ಜಿಲ್ಲೆ ಅದರಲ್ಲೇ ಬರುತ್ತವೆ. ಅಕ್ಷಾಂಶ ರೇಖಾಂಶದಲ್ಲೇ ಬಿಟ್ಟು ದೂರ ಅಳೆದರೆ ಉತ್ತರ ಡಿಗ್ರಿಯಲ್ಲಿ ಬರುತ್ತದೆ, ಕಿಲೊಮೀಟರಿನಲ್ಲಲ್ಲ.

ಗಡಿಯಾಚೆ ಕೂಡ 10 ಕಿ.ಮೀ. ಪಟ್ಟಿ ತೆಗೆದುಕೊಳ್ಳಿ. ಔರಾದ, ಬಸವಕಲ್ಯಾಣ, ಆಳಂದದ ಎಷ್ಟೋ ಊರುಗಳಿಗೆ ಒಂದು ಬದಿಯ ನೆರೆಯವರೆಲ್ಲ ಮಹಾರಾಷ್ಟ್ರದವರು. ಸೇಡಂ, ಚಿಂಚೋಳಿ, ಗುರುಮಠಕಲ್ ಅಂಚಿನ ಊರುಗಳಿಗೆ ತೆಲಂಗಾಣದವರು. ಅವರನ್ನು ಬಿಟ್ಟರೆ ಅಂಚಿನ ಊರು ಅರ್ಧ ನೆರೆಯೊಂದಿಗೇ ಹೋಲಿಕೆಗೆ ನಿಲ್ಲುತ್ತದೆ. ಹುಡುಕುವಾಗ ನೆನಪಿರಲಿ: 2011ರಲ್ಲಿ ತೆಲಂಗಾಣ ಎಂಬ ರಾಜ್ಯ ಇರಲಿಲ್ಲ, ಆ ಊರುಗಳು ಆಂಧ್ರಪ್ರದೇಶದ ಮೇದಕ್, ರಂಗಾರೆಡ್ಡಿ, ಮಹಬೂಬ್‌ನಗರ ಜಿಲ್ಲೆಗಳ ಕಡತದಲ್ಲಿವೆ.

ನೆರೆಯವರು ಯಾರು

ಈ ಶಾಸ್ತ್ರದ ಬುಡ ಇರುವುದು ಇಲ್ಲಿ. ಪ್ರತಿ ಊರಿಗೆ ನೆರೆಯ ಊರುಗಳು ಯಾವುವು ಎಂಬ ಪಟ್ಟಿಗೆ ವೇಯ್ಟ್ಸ್ ಕಡತ ಎನ್ನುತ್ತಾರೆ. ಜಿಯೋಡಾದ ಟೂಲ್ಸ್ ಮೆನುವಿನಲ್ಲಿ ವೇಯ್ಟ್ಸ್ ಮ್ಯಾನೇಜರ್ ತೆರೆದು ಮಾಡಬಹುದು. ಆಯ್ಕೆ ಮೂರು: ಗಡಿ ತಾಗಿದವರೆಲ್ಲ ನೆರೆ, ನಿಗದಿತ ದೂರದೊಳಗಿನವರೆಲ್ಲ ನೆರೆ, ಅತಿ ಹತ್ತಿರದ ಇಷ್ಟು ಊರು ಮಾತ್ರ ನೆರೆ.

ಗಡಿ ತಾಗುವ ನಿಯಮದಲ್ಲಿ ಕ್ವೀನ್ ಎಂದರೆ ಮೂಲೆ ತಾಗಿದರೂ ಸಾಕು, ರೂಕ್ ಎಂದರೆ ಬದಿಯೇ ತಾಗಬೇಕು. ನಮ್ಮ ಹಳ್ಳಿಗಳ ಗಡಿಗೆ ಕ್ವೀನ್ ಸರಿ. ಆದರೆ ಉಚಿತವಾಗಿ ಸಿಗುವ ಗಡಿ ಕಡತಗಳಲ್ಲಿ ಎರಡು ಹೊಲದ ನಡುವೆ ಬದು ಬಿಟ್ಟಂತೆ ಊರಿಗೂ ಊರಿಗೂ ನಡುವೆ ಕೂದಲೆಳೆಯ ಸಂದು ಇರುತ್ತದೆ. ಕಣ್ಣಿಗೆ ಕಾಣದು, ತಂತ್ರಾಂಶಕ್ಕೆ ಕಾಣುತ್ತದೆ. ತಾಗಿಲ್ಲ ಎಂದು ಆ ಊರನ್ನು ನೆರೆಯಿಲ್ಲದ ದ್ವೀಪ ಮಾಡುತ್ತದೆ. ಪ್ರಿಸಿಶನ್ ಥ್ರೆಶೋಲ್ಡ್ ಎಂಬ ಖಾನೆಯಲ್ಲಿ 5 ಮೀಟರ್‌ನಿಂದ ಶುರು ಮಾಡಿ, ದ್ವೀಪಗಳು ಇನ್ನೂ ಉಳಿದಿದ್ದರೆ 20, 50 ಎಂದು ಏರಿಸಿ. 100 ದಾಟಿಸಬೇಡಿ, ನೆರೆಯಲ್ಲದವರೂ ಅಂಟಿಕೊಳ್ಳುತ್ತಾರೆ. ಆಮೇಲೆ ಹಿಸ್ಟೊಗ್ರಾಂ ತೆರೆದು ಪ್ರತಿ ಊರಿಗೆ ಎಷ್ಟು ನೆರೆ ಎಂದು ನೋಡಿ. ಸಾಮಾನ್ಯವಾಗಿ ಐದು, ಆರರ ಆಸುಪಾಸು ಹೆಚ್ಚು ಊರುಗಳು ನಿಲ್ಲಬೇಕು. ಒಂದೇ ನೆರೆ ಇರುವ ಊರು, 15 ನೆರೆ ಇರುವ ಊರು ಎರಡನ್ನೂ ನಕ್ಷೆಯಲ್ಲಿ ಕ್ಲಿಕ್ ಮಾಡಿ ಕಣ್ಣಾರೆ ನೋಡಿ. ಪಟ್ಟಣಗಳನ್ನು ತೆಗೆದುಹಾಕಿದ್ದರೆ ಅವುಗಳ ಸುತ್ತ ತೂತು ಬಿದ್ದು ಅಲ್ಲಿನ ಊರುಗಳಿಗೆ ನೆರೆ ಕಡಿಮೆಯಾಗಿರುತ್ತದೆ.

ಭೀಮೆಯ ಮಾತು ಬೇರೆ. ಅಫಜಲಪುರ ತಾಲೂಕಿಗೂ ವಿಜಯಪುರ ಜಿಲ್ಲೆಗೂ ನಡುವೆ ಹರಿದು, ಮುಂದೆ ಜೇವರ್ಗಿಯನ್ನು ಕಲಬುರಗಿ, ಚಿತ್ತಾಪುರ ತಾಲೂಕುಗಳಿಂದ ಬೇರೆ ಮಾಡುತ್ತದೆ. ನಕ್ಷೆಯಲ್ಲಿ ಎರಡು ದಂಡೆಯ ಊರುಗಳ ಗಡಿ ಹೊಳೆಯ ನಡುವೆ ತಾಗುತ್ತದೆ, ಆದ್ದರಿಂದ ಅವು ನೆರೆ. ಸೇತುವೆ ದೂರವಿದ್ದರೆ ಒಂದು ದಂಡೆಯ ಕೂಲಿಯವರು ಇನ್ನೊಂದು ದಂಡೆಯ ಹೊಲಕ್ಕೆ ಹೋಗುವುದೂ ಇಲ್ಲ, ಸಂತೆಗೆ ಹೋಗುವುದೂ ಇಲ್ಲ. ವೇಯ್ಟ್ಸ್ ಕಡತ ಬರಿಯ ಪಠ್ಯ ಕಡತ. ನೋಟ್‌ಪ್ಯಾಡ್‌ನಲ್ಲಿ ತೆರೆದು ಹೊಳೆಯಾಚೆಯ ಜೋಡಿಗಳನ್ನು ಅಳಿಸಬಹುದು. ಅಳಿಸುವಾಗ ಎರಡೂ ಊರಿನ ಸಾಲಿನಿಂದ ಅಳಿಸಿ, ನೆರೆಗಳ ಎಣಿಕೆಯನ್ನೂ ತಿದ್ದಿ. ಅಳಿಸಿದ್ದು, ಅಳಿಸದ್ದು ಎರಡರಲ್ಲೂ ಫಲಿತಾಂಶ ಒಂದೇ ಬಂದರೆ ನೆಮ್ಮದಿ.

ದೂರದ ನಿಯಮ ನಮ್ಮಲ್ಲಿ ಕೆಲಸ ಮಾಡುವುದು ಕಷ್ಟ. ಎರೆ ಬಯಲಿನಲ್ಲಿ ಊರುಗಳು ದೊಡ್ಡವು, ದೂರ ದೂರ. ಚಿಂಚೋಳಿಯ ಗುಡ್ಡದ ಕಡೆ ಚಿಕ್ಕವು, ಒತ್ತೊತ್ತು. ಒಂದು ದೂರ ಇಬ್ಬರಿಗೂ ಒಗ್ಗುವುದಿಲ್ಲ. ಕ್ವೀನ್‌ನಲ್ಲಿ ಮಾಡಿದ್ದನ್ನು ಹತ್ತಿರದ 6 ಊರುಗಳ ನಿಯಮದಲ್ಲಿ ಪರೀಕ್ಷಿಸಿ. ಎರಡರಲ್ಲೂ ನಿಲ್ಲುವ ಗುಂಪನ್ನು ಮಾತ್ರ ಗುಂಪು ಎಂದು ಕರೆಯಿರಿ.

ಸಣ್ಣ ಊರಿನ ದೊಡ್ಡ ಶೇಕಡಾ

14 ಮನೆಗಳ ಊರಲ್ಲಿ 9 ಬಡ ಮನೆ ಎಂದರೆ ಶೇ 64.3. 600 ಮನೆಗಳ ಊರಲ್ಲೂ ಅದೇ ಶೇ 64.3 ಬಂದಿದೆ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಕಡುಗೆಂಪು. ಆದರೆ ಸಣ್ಣ ಊರಲ್ಲಿ ಎರಡು ಮನೆಯವರ ಉತ್ತರ ಬದಲಾದರೆ 50ಕ್ಕೆ ಇಳಿಯುತ್ತದೆ. ಇಂಥದ್ದಕ್ಕೆ ಎಂಪಿರಿಕಲ್ ಬೇಯ್ಸ್ ಎಂಬ ಮದ್ದಿದೆ: ಊರು ಸಣ್ಣದಾದಷ್ಟೂ ಅದರ ಶೇಕಡಾವನ್ನು ಇಡೀ ಪ್ರದೇಶದ ಸರಾಸರಿಯ ಕಡೆಗೆ ಎಳೆಯುವುದು.

ಕೈಲೆಕ್ಕ ಹೀಗೆ. ಉದಾಹರಣೆಗೆ ಪ್ರದೇಶದ ಸರಾಸರಿ 0.40, ಊರೂರುಗಳ ನಡುವಿನ ನಿಜವಾದ ಚದುರುವಿಕೆ 0.02 ಎಂದು ಇಟ್ಟುಕೊಳ್ಳಿ. ಊರಿನ ಸ್ವಂತ ಅನಿಶ್ಚಿತತೆ ಎಂದರೆ 0.40ನ್ನು 0.60ರಿಂದ ಗುಣಿಸಿ ಮನೆಗಳ ಸಂಖ್ಯೆಯಿಂದ ಭಾಗಿಸಿದ್ದು: 14 ಮನೆಗೆ 0.0171, 600 ಮನೆಗೆ 0.0004. ಊರಿನ ಮಾತಿಗೆ ಕೊಡುವ ತೂಕ 0.02 ಭಾಗಿಸು (0.02 ಕೂಡಿಸು ಆ ಅನಿಶ್ಚಿತತೆ). ಸಣ್ಣ ಊರಿಗೆ 0.54, ದೊಡ್ಡ ಊರಿಗೆ 0.98. ತಿದ್ದಿದ ಮೇಲೆ ಸಣ್ಣ ಊರು 64.3ರಿಂದ 53ಕ್ಕೆ ಬಂತು, ದೊಡ್ಡದು 63.8ರಲ್ಲೇ ನಿಂತಿತು.

ಜಿಯೋಡಾದ ಮ್ಯಾಪ್ ಮೆನುವಿನ ರೇಟ್ಸ್ ವಿಭಾಗದಲ್ಲಿ ಇದು ಸಿದ್ಧವಿದೆ. ಒಂದು ಸೂಕ್ಷ್ಮ ಮಾತ್ರ: ಅಲ್ಲಿನ ಸೂತ್ರ ಕಾಯಿಲೆ, ಸಾವಿನಂಥ ಅಪರೂಪದ ಘಟನೆಗಳಿಗೆ ಮಾಡಿದ್ದು, 0.60ರಿಂದ ಗುಣಿಸುವುದಿಲ್ಲ. ಅದರಲ್ಲಿ ಮೇಲಿನ ಸಣ್ಣ ಊರು 50ಕ್ಕೆ ಇಳಿಯುತ್ತದೆ. ಶೇ 30, 40ರ ಬಡತನಕ್ಕೆ ಅದು ಸ್ವಲ್ಪ ಜೋರಾಗಿಯೇ ಎಳೆದಂತೆ. ಸ್ಪ್ರೆಡ್‌ಶೀಟಿನಲ್ಲಿ ಕೈಯಾರೆ ಮಾಡಿಕೊಂಡರೆ ಒಳಿತು.

ಗುಂಪು ಇದೆಯೇ, ಇದ್ದರೆ ಎಲ್ಲಿ

ಮೊದಲ ಪ್ರಶ್ನೆಗೆ ಮೊರಾನ್ಸ್ ಐ. ಬಡ ಊರಿನ ಪಕ್ಕ ಬಡ ಊರೇ ಇರುವ ಒಲವು ಎಷ್ಟು ಎಂದು ಒಂದೇ ಸಂಖ್ಯೆಯಲ್ಲಿ ಹೇಳುತ್ತದೆ. ಒಲವು ಇಲ್ಲದಿದ್ದರೆ ಉತ್ತರ ಸರಿಯಾಗಿ ಸೊನ್ನೆ ಅಲ್ಲ, ಮೈನಸ್ 1 ಭಾಗಿಸು ಊರುಗಳ ಸಂಖ್ಯೆಗೆ ಒಂದು ಕಡಿಮೆ. ಸಾವಿರ ಊರಿದ್ದರೆ ಇದು ಹತ್ತಿರ ಹತ್ತಿರ ಸೊನ್ನೆಯೇ. 15 ತಾಲೂಕಿನಲ್ಲಿ ಮಾಡಿದರೆ ಮೈನಸ್ 0.071, ಅಷ್ಟು ಸಣ್ಣ ಲೆಕ್ಕದಲ್ಲಿ ಏನನ್ನೂ ಸಾಬೀತು ಮಾಡಲಾಗದು. ತಾಲೂಕು ಮಟ್ಟದ ಮೊರಾನ್ಸ್ ಐ ಇಟ್ಟುಕೊಂಡು ಬಂದ ವರದಿಯನ್ನು ಪಕ್ಕಕ್ಕಿಡಿ.

ಎರಡನೆಯ ಪ್ರಶ್ನೆಗೆ ಸ್ಥಳೀಯ ಮೊರಾನ್, ಲೀಸಾ ಎಂದೂ ಕರೆಯುತ್ತಾರೆ. ಜಿಯೋಡಾದ ಸ್ಪೇಸ್ ಮೆನುವಿನಲ್ಲಿದೆ. ಒಂದು ಊರಿನ ಪ್ರಮಾಣೀಕರಿಸಿದ ಬಡತನ ಅಂಕ 1.2, ಐದು ನೆರೆಗಳದು 0.9, 1.4, 0.6, 1.1, 0.5 ಎನ್ನಿ. ನೆರೆಗಳ ಸರಾಸರಿ 0.9. ಎರಡನ್ನೂ ಗುಣಿಸಿದರೆ 1.08. ಊರೂ ಬಡ, ನೆರೆಯೂ ಬಡ: ಕೆಂಪು. ಅದೇ ನೆರೆಗಳ ನಡುವೆ ಮೈನಸ್ 0.8 ಇರುವ ಊರು ಇದ್ದರೆ ಗುಣಲಬ್ಧ ಮೈನಸ್ 0.72; ಬಡವರ ನಡುವಿನ ಅನುಕೂಲಸ್ಥ ಊರು. ಇಂಥ ಒಂಟಿ ಊರುಗಳೇ ಹೆಚ್ಚು ಮಾತಾಡುತ್ತವೆ. ಒಂದೋ ಅದು ಹೋಬಳಿ ಕೇಂದ್ರ, ಇಲ್ಲವೇ ಏತ ನೀರಾವರಿ ಬಂದ ಊರು, ಇಲ್ಲವೇ ಸಂಕೇತ ತಪ್ಪಿ ಜೋಡಣೆಯಾದ ಊರು. ಮೂರನೆಯದನ್ನು ಮೊದಲು ಪರಿಶೀಲಿಸಿ.

ನಂಬಿಕೆಯ ಮಟ್ಟವನ್ನು ತಂತ್ರಾಂಶ ಊರುಗಳ ಅಂಕಗಳ ಯಾದೃಚ್ಛಿಕ ಅದಲುಬದಲಿನಿಂದ ಲೆಕ್ಕ ಹಾಕುತ್ತದೆ. ಬರಿಯ ಆಕಸ್ಮಿಕದಿಂದಲೇ ಇಂಥ ಗುಂಪು ಕಾಣುವ ಸಾಧ್ಯತೆಗೆ ಪಿ ಮೌಲ್ಯ ಎನ್ನುತ್ತಾರೆ; 999 ಸಲ ಮಾಡಿದರೆ ಸಿಗುವ ಅತಿ ಕಡಿಮೆ ಪಿ ಮೌಲ್ಯ 0.001. ತಂತ್ರಾಂಶ ತಾನಾಗಿ 0.05ಕ್ಕೆ ನಿಲ್ಲಿಸಿರುತ್ತದೆ, ಸಾವಿರ ಊರಿನಲ್ಲಿ ಆ ಮಟ್ಟಕ್ಕೆ ಬರಿಯ ಆಕಸ್ಮಿಕದಿಂದಲೇ 50 ಊರು ಬಣ್ಣ ಪಡೆಯಬಹುದು. ಅದಲುಬದಲನ್ನು 99,999ಕ್ಕೆ ಏರಿಸಿ, ಮಟ್ಟವನ್ನು ಎಫ್‌ಡಿಆರ್‌ಗೆ, ಅಂದರೆ ಇಂಥ ಸುಳ್ಳು ಬಣ್ಣಗಳ ಪಾಲಿಗೆ ಮಿತಿ ಹಾಕುವ ನಿಯಮಕ್ಕೆ, ಬದಲಿಸಿ. ನಕ್ಷೆ ಅರ್ಧ ಖಾಲಿಯಾಗುತ್ತದೆ, ಬೇಜಾರಾಗಬೇಡಿ.

ವಿವರಿಸುವ ಹಂತ

ಕೆಂಪು ಗುಂಪು ಸಿಕ್ಕಿತು. ಅಲ್ಲೇ ಯಾಕೆ? ಸಾಮಾನ್ಯ ರಿಗ್ರೆಶನ್‌ನಿಂದ, ಅಂದರೆ ಯಾವ ಕಾರಣಕ್ಕೆ ಬಡತನ ಎಷ್ಟು ಬದಲಾಗುತ್ತದೆ ಎಂಬ ಗುಣಕ ಕೊಡುವ ಸಮೀಕರಣದಿಂದ, ಶುರು ಮಾಡಿ. ಎಡಗಡೆ ಬಡತನದ ಅಂಕ. ಬಲಗಡೆ ನೀರಾವರಿ ಭೂಮಿಯ ಪಾಲು, ಮಣ್ಣು ಎರೆಯೋ ಮಸಾರಿಯೋ, ತಾಲೂಕು ಕೇಂದ್ರಕ್ಕೆ ರಸ್ತೆಯ ದೂರ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಾಲು, ಪ್ರೌಢಶಾಲೆಗೆ ದೂರ. ಸೂಚ್ಯಂಕದೊಳಗೆ ಹಾಕಿದ್ದನ್ನು ಬಲಗಡೆ ಮತ್ತೆ ಹಾಕಬೇಡಿ. ಹೆಣ್ಣುಮಕ್ಕಳ ಅನಕ್ಷರತೆ ಎರಡೂ ಕಡೆ ಇದ್ದರೆ ಮಾದರಿ ಅದ್ಭುತವಾಗಿ ಹೊಂದುತ್ತದೆ, ಏಕೆಂದರೆ ತನ್ನನ್ನೇ ತಾನು ವಿವರಿಸಿಕೊಂಡಿದೆ. ಜಾತಿ ಗಣತಿಯ ಅಭಾವ ಎಣಿಕೆಯನ್ನು ಎಡಗಡೆ ಇಟ್ಟವರೂ ಇದೇ ಗುಂಡಿಗೆ ಬೀಳುತ್ತಾರೆ. ಅದರ ಏಳರಲ್ಲಿ ಒಂದು ಸೂಚಕವೇ ಪರಿಶಿಷ್ಟ ಜಾತಿ, ಪಂಗಡ.

ನೀರಾವರಿಯನ್ನು ಅಳೆಯುವ ಬಗೆಗೆ ಎರಡು ಮಾತು. ನಾರಾಯಣಪುರ ಎಡದಂಡೆ ಕಾಲುವೆ ಸುರಪುರ, ಶಹಾಪುರ, ಜೇವರ್ಗಿ ಕಡೆಗೆ ನೀರು ಒಯ್ಯುತ್ತದೆ. ಕಾಲುವೆಯಿಂದ ಊರಿಗೆ ನೇರ ಗೆರೆ ಎಳೆದು ದೂರ ಹಿಡಿದರೆ ಮೊದಲ ತೂಬಿನ ಊರು, ಕೊನೆಯ ಭಾಗದ ಊರು ಎರಡೂ 1 ಕಿ.ಮೀ. ಎಂದು ಒಂದೇ ಆಗುತ್ತವೆ. ಕೊನೆಯ ಭಾಗದ ರೈತರನ್ನು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಆದ್ದರಿಂದ ಅಣೆಕಟ್ಟಿನಿಂದ ಕಾಲುವೆಯ ಉದ್ದಕ್ಕೂ ಅಳೆದ ದೂರವನ್ನು ಇನ್ನೊಂದು ಕಾಲಂ ಮಾಡಿ.

ರಿಗ್ರೆಶನ್ ಆದ ಮೇಲೆ ಮಲ್ಟಿಕೊಲಿನಿಯಾರಿಟಿ ಸಂಖ್ಯೆ ನೋಡಿ. 30 ದಾಟಿದ್ದರೆ ಬಲಗಡೆಯ ಕಾಲಂಗಳು ಒಂದನ್ನೊಂದು ನಕಲು ಮಾಡುತ್ತಿವೆ. ನಂತರ ಉಳಿಕೆಗಳ ಮೇಲೆ, ಅಂದರೆ ಸಮೀಕರಣ ವಿವರಿಸದೆ ಬಿಟ್ಟ ಭಾಗದ ಮೇಲೆ, ಮೊರಾನ್ಸ್ ಐ. ಉಳಿಕೆಯಲ್ಲೂ ಗುಂಪು ಕಂಡರೆ ನೀವು ಹಾಕಿದ ಕಾರಣಗಳು ಸಾಲಲಿಲ್ಲ ಎಂದರ್ಥ, ಮತ್ತು ಅವುಗಳ ಪಿ ಮೌಲ್ಯಗಳನ್ನೂ ನಂಬುವಂತಿಲ್ಲ.

ಇಲ್ಲಿ ಪುಸ್ತಕದ ದಾರಿ ಎಂದರೆ ಉಳಿಕೆಯ ಗುಂಪು ಯಾವ ಬಗೆಯದು ಎಂದು ಸೂಚಿಸುವ ಲಗ್ರಾಂಜ್ ಪರೀಕ್ಷೆಗಳನ್ನು ನೋಡಿ ಲ್ಯಾಗ್ ಮಾದರಿ ಅಥವಾ ಎರರ್ ಮಾದರಿ ಆರಿಸುವುದು. ಲ್ಯಾಗ್ ಮಾದರಿ ನೆರೆಯ ಬಡತನವೇ ಈ ಊರಿನ ಬಡತನಕ್ಕೆ ಕಾರಣ ಎನ್ನುತ್ತದೆ. ಎರರ್ ಮಾದರಿ ನಮಗೆ ಕಾಣದ ಕಾರಣಗಳು ಅಕ್ಕಪಕ್ಕ ಹಂಚಿಕೊಂಡಿವೆ ಎನ್ನುತ್ತದೆ. ಪರೀಕ್ಷೆ ಹೇಳಿದ ಮಾತ್ರಕ್ಕೆ ಲ್ಯಾಗ್‌ಗೆ ಹಾರಬೇಡಿ. ಒಂದೇ ವರ್ಷದ ಮಾಹಿತಿಯಲ್ಲಿ ಬಡತನ ಊರಿಂದ ಊರಿಗೆ ಹರಡಿತು ಎನ್ನುವುದು ದೊಡ್ಡ ಮಾತು. ಒಂದೇ ಮಸಾರಿ ಮಣ್ಣಿನ ಮೇಲೆ ಹತ್ತು ಊರು ಕೂತಿದ್ದರೂ ಪರೀಕ್ಷೆ ಅದನ್ನೇ ತೋರಿಸುತ್ತದೆ. ಅದಕ್ಕಿಂತ ಸರಳ ದಾರಿ, ನೆರೆಯ ಊರುಗಳ ನೀರಾವರಿ ಪಾಲಿನ ಸರಾಸರಿಯನ್ನು ಇನ್ನೊಂದು ಕಾಲಂ ಮಾಡಿ ಬಲಗಡೆ ಸೇರಿಸುವುದು. ಪಕ್ಕದ ಊರಿಗೆ ಕಾಲುವೆ ಬಂದರೆ ನಮ್ಮೂರ ಕೂಲಿಯವರಿಗೆ ಕೆಲಸ ಸಿಗುತ್ತದೆಯೇ? ಆ ಗುಣಕ ನೇರವಾಗಿ ಇದಕ್ಕೆ ಉತ್ತರಿಸುತ್ತದೆ.

ಲ್ಯಾಗ್ ಮಾದರಿಯೇ ಬೇಕೆಂದರೆ ಗುಣಕವನ್ನು ಹಾಗೇ ಓದಬೇಡಿ. ನೀರಾವರಿಯ ಗುಣಕ ಮೈನಸ್ 0.20, ರೋ (ನೆರೆಯ ಬಡತನದ ಗುಣಕ) 0.5 ಇದ್ದರೆ ಒಟ್ಟು ಪರಿಣಾಮ ಮೈನಸ್ 0.20 ಭಾಗಿಸು (1 ಕಳೆ 0.5), ಅಂದರೆ ಮೈನಸ್ 0.40. ಅರ್ಧ ಪರಿಣಾಮವನ್ನು ಕಳೆದುಕೊಂಡ ವರದಿಗಳು ಬೇಕಾದಷ್ಟಿವೆ.

ಹಳೆಯ 15 ತಾಲೂಕುಗಳಿಗೆ ಒಂದೊಂದು ಡಮ್ಮಿ ಕಾಲಂ (ಊರು ಆ ತಾಲೂಕಿನದಾದರೆ 1, ಇಲ್ಲದಿದ್ದರೆ 0) ಹಾಕಿಯೂ ಒಮ್ಮೆ ಓಡಿಸಿ. ಆಗ ಉಳಿಕೆಯ ಗುಂಪು ಮಾಯವಾದರೆ ಕಾರಣ ತಾಲೂಕಿನ ಮಟ್ಟದ್ದು. ಮಾಯವಾಗದಿದ್ದರೆ ಮಣ್ಣು, ನೀರು, ಊರಿನೊಳಗಿನ ಭೂ ಹಂಚಿಕೆ ಕಡೆ ನೋಡಬೇಕು.

ಒಂದೊಂದು ಊರಿಗೂ ಬೇರೆ ಗುಣಕ ಕೊಡುವ ಜಿಡಬ್ಲ್ಯುಆರ್ ವಿಧಾನ ಈಗ ಎಲ್ಲರಿಗೂ ಅಚ್ಚುಮೆಚ್ಚು, ಬಣ್ಣದ ನಕ್ಷೆ ಬರುತ್ತದಲ್ಲ. ದೂರದ ಬದಲು ಹತ್ತಿರದ ಇಷ್ಟು ಊರು ಎಂದು ಎಣಿಸುವ ಅಡಾಪ್ಟಿವ್ ವ್ಯಾಪ್ತಿ, ಆ ವ್ಯಾಪ್ತಿ ಎಷ್ಟಿರಬೇಕೆಂದು ಹೇಳುವ ಎಐಸಿಸಿ ಅಳತೆಯ ಆಯ್ಕೆ ಇಟ್ಟುಕೊಳ್ಳಿ. ವ್ಯಾಪ್ತಿ 40, 50 ಊರಿಗಿಂತ ಕಡಿಮೆ ಬಂದರೆ ಅನುಮಾನಿಸಿ. ಔರಾದದ ಒಂದು ಮೂಲೆಯಲ್ಲಿ ನೀರಾವರಿ ಹೆಚ್ಚಿದಷ್ಟೂ ಬಡತನ ಹೆಚ್ಚು ಎಂದು ಬಂದರೆ ಹೊಸ ಸಿದ್ಧಾಂತ ಕಟ್ಟುವ ಮೊದಲು ಅಲ್ಲಿ ನೀರಾವರಿ ಇರುವ ಊರು ಎಷ್ಟು ಎಂದು ಎಣಿಸಿ; ಎರಡೋ ಮೂರೋ ಇರುತ್ತವೆ. ಗುಣಕದ ನಕ್ಷೆಯನ್ನು, ಅದನ್ನು ಎಲ್ಲಿ ನಂಬಬಹುದು ಎಂದು ತೋರಿಸುವ ಟಿ ಮೌಲ್ಯದ ನಕ್ಷೆ ಇಲ್ಲದೆ ಯಾರಿಗೂ ತೋರಿಸಬೇಡಿ.

ಇನ್ನು ಈ ಎಲ್ಲ ಲೆಕ್ಕ ಊರುಗಳ ಬಗ್ಗೆ, ಮನೆಗಳ ಬಗ್ಗೆ ಅಲ್ಲ. ಪರಿಶಿಷ್ಟ ಪಂಗಡದವರು ಹೆಚ್ಚಿರುವ ಊರು ಹೆಚ್ಚು ಬಡ ಎಂದು ಬಂದರೆ ಆ ಊರಲ್ಲಿ ಬಡವರು ಯಾರು ಎಂದು ಅದು ಹೇಳಲಿಲ್ಲ.

ಮುದ್ರಿಸುವ ಮುನ್ನ

ಐದು ಬಣ್ಣ ಸಾಕು, ಪ್ರತಿ ಬಣ್ಣಕ್ಕೂ ಅಷ್ಟಷ್ಟೇ ಊರುಗಳು ಬರುವಂತೆ. ನಕ್ಷೆಯ ಕೆಳಗೆ ಮಾಹಿತಿಯ ವರ್ಷ 2011 ಎಂದು ದಪ್ಪ ಅಕ್ಷರದಲ್ಲಿ ಹಾಕಿ; ಶೌಚಾಲಯ, ವಿದ್ಯುತ್ತಿನ ಸ್ಥಿತಿ ಆಮೇಲೆ ತುಂಬಾ ಬದಲಾಗಿದೆ, ಆರು ಸೂಚಕಗಳಲ್ಲಿ ಅವೆರಡನ್ನು ಬಿಟ್ಟದ್ದೂ ಅದಕ್ಕೇ. ನೆರೆಯ ನಿಯಮ, ಅದಲುಬದಲಿನ ಸಂಖ್ಯೆ, ಬಿಟ್ಟ ಊರುಗಳ ಸಂಖ್ಯೆ, ತಿದ್ದುಪಡಿಯ ವಿಧಾನ ಅಲ್ಲೇ ಒಂದು ಸಾಲಿನಲ್ಲಿರಲಿ.

ಕೊನೆಗೆ ಎರಡು ಪಟ್ಟಿ ತೆಗೆಯಿರಿ. ಒಂದರಲ್ಲಿ ಕೆಂಪು ಗುಂಪಿನ ನಡುವಿನ ಐದು ಊರು. ಇನ್ನೊಂದರಲ್ಲಿ ಒಂಟಿಯಾಗಿ ನಿಂತ ಐದು ಊರು, ಗುಳೆಯ ಕಾಲಂನಲ್ಲಿ ಗುರುತು ಬಿದ್ದವಕ್ಕೆ ಮೊದಲ ಜಾಗ. ಗ್ರಾಮ ಪಂಚಾಯಿತಿಯ ಕರವಸೂಲಿಗಾರರು, ಆಶಾ ಕಾರ್ಯಕರ್ತೆ, ಕಿರಾಣಿ ಅಂಗಡಿಯವರು ಈ ಮೂವರನ್ನು ಕೇಳಿ: ಫೆಬ್ರುವರಿಯಲ್ಲಿ ಎಷ್ಟು ಮನೆಗೆ ಬೀಗ ಬಿದ್ದಿರುತ್ತದೆ? ತಾಂಡಾ ಎಷ್ಟು, ಯಾವ ಊರಿನ ಲೆಕ್ಕಕ್ಕೆ ಸೇರಿವೆ? ಕೂಲಿಗೆ ಯಾವ ಊರಿಗೆ ಹೋಗುತ್ತಾರೆ? ಮೂರನೆಯ ಪ್ರಶ್ನೆಯ ಉತ್ತರ ಬರೆದುಕೊಂಡು ಬಂದು ವೇಯ್ಟ್ಸ್ ಕಡತದ ಪಕ್ಕ ಇಟ್ಟು ನೋಡಿ. ಹತ್ತರಲ್ಲಿ ಮೂರ್ನಾಲ್ಕು ಊರಿನ ನೆರೆ ಬೇರೆಯೇ ಇದ್ದರೆ ಕಡತ ತಿದ್ದಿ, ಮೊರಾನ್‌ನಿಂದ ಮತ್ತೆ ಶುರು ಮಾಡಿ.